ಬಳುವಳಿಯ ಹಾಸಿಗೆ

ಹೊಸ ಲೀಗಿನ ಪಂದ್ಯಗಳ ಪಟ್ಟಿ ಹೊರಬಿದ್ದ ಸಂಜೆ ಲಝರನ ಮನೆಯ ಅಂಗಳದಲ್ಲಿ ಸಾರ್ಡಿನ್ ಮೀನು ಕೆಂಡದ ಮೇಲಿತ್ತು. ನಮ್ಮ ಬುರ್ಜ್ ಸಮರ್ ಊರಿನ ಫುಟ್ಬಾಲ್ ಕ್ಲಬ್ಬು ಒಂದು ತಲೆಮಾರಿನಷ್ಟು ಕಾಲ ಕೆಳದರ್ಜೆಯಲ್ಲಿ ಒದ್ದಾಡಿ ಈ ವರ್ಷ ದೇಶದ ಮೇಲಿನ ಲೀಗಿಗೆ ಹತ್ತಿತ್ತು. ಊರಿಗೆ ಊರೇ ಆ ಪಟ್ಟಿಗಾಗಿ ಕಾದು ಕೂತಿತ್ತು. ಕ್ಷೌರದಂಗಡಿಯವನು ಗಿರಾಕಿಯ ಅರ್ಧ ಗಡ್ಡವನ್ನು ಹಾಗೇ ಬಿಟ್ಟು ಫೋನು ನೋಡುತ್ತಿದ್ದನಂತೆ. ಮೀನು ಸೀದುಹೋದೀತು ಅನ್ನುವ ಚಿಂತೆ ಇದ್ದದ್ದು ಲಝರನ ಹೆಂಡತಿ ಮಹ್ರಜಿಯಾ ಒಬ್ಬಳಿಗೇ.

ಮಗ ರಮ್ಝಿ ಫೋನು ಹಿಡಿದುಕೊಂಡೇ ಊಟಕ್ಕೆ ಕೂತ.

"ಮೊದಲನೇ ಪಂದ್ಯ ನಮ್ಮೂರಲ್ಲೇ. ಆಗಸ್ಟ್ ಕೊನೇ ಭಾನುವಾರ. ಯಾರ ಜೊತೆ, ಹೇಳಪ್ಪಾ ನೋಡೋಣ."

"ರಾಜಧಾನಿಯವರ ಜೊತೆನಾ?"

"ಬೀರ್ ಝಿತೂನ್."

ಲಝರ್ ಬಾಯಿಗೆ ಒಯ್ದ ರೊಟ್ಟಿಯನ್ನು ಅಲ್ಲೇ ನಿಲ್ಲಿಸಿ ಮಗಳ ಮುಖ ನೋಡಿದ. ಬೀರ್ ಝಿತೂನ್ ಉಪ್ಪುಕೆರೆಯ ಆಚೆ ದಡದ ಊರು. ಎಂಟು ಸೀಟಿನ ಬಾಡಿಗೆ ವ್ಯಾನನ್ನು ಬೆಳಗಿನಿಂದ ಸಂಜೆಯವರೆಗೆ ಅಲ್ಲಿಗೂ ಇಲ್ಲಿಗೂ ಓಡಿಸಿಯೇ ಲಝರ್ ಈ ಸಂಸಾರ ಸಾಕಿದ್ದ. ಮಗಳು ಉಲ್ಫಾಳನ್ನು ಕೊಡುತ್ತಿರುವುದೂ ಅದೇ ಊರಿನ ಮಾಹೆರನಿಗೆ. ಮದುವೆ ಆಗಸ್ಟ್ ನಡುವಿಗೆ.

"ತಗೋ," ಅಂದ ಲಝರ್. "ಮದುವೆ ಆಗಿ ಹತ್ತು ದಿನಕ್ಕೆ ಬೀಗರು ಕಲ್ಲು ಹಿಡ್ಕೊಂಡು ಬರ್ತಾರೆ."

"ಮಾಹೆರ್ ಕಲ್ಲು ಹಿಡಿಯೋ ಪೈಕಿ ಅಲ್ಲ," ಅಂದಳು ಉಲ್ಫಾ.

"ಅವನೂ ಅಲ್ಲೇ ತಾನೆ ಹುಟ್ಟಿದ್ದು," ಅಂದ ರಮ್ಝಿ. "ಬೀರ್ ಝಿತೂನಿನಲ್ಲಿ ಮಕ್ಕಳಿಗೆ ಹಾಲುಹಲ್ಲು ಬೀಳೋ ಮೊದಲೇ ಕೈಗೆ ಕಲ್ಲು ಕೊಡ್ತಾರೆ."

"ನಿನಗೆ ಯಾರು ಕೊಟ್ರೋ?" ಎಂದು ಮೂಲೆಯಿಂದ ಅಜ್ಜಿ ತುರ್ಕಿಯಾ ಕೇಳಿದಳು. ಲಝರನ ತಾಯಿ, ಕಣ್ಣು ಮಂಜಾಗಿತ್ತು, ನಾಲಿಗೆ ಆಗಿರಲಿಲ್ಲ. ಎಲ್ಲರೂ ನಕ್ಕರು. ಮಹ್ರಜಿಯಾ ನಗಲಿಲ್ಲ.

ಅವಳಿಗೆ ನಗು ಬಾರದಿರಲು ಕಾರಣವಿತ್ತು. ಮೇ ತಿಂಗಳಲ್ಲಿ, ಕ್ಲಬ್ಬು ಮೇಲೆ ಹತ್ತಿದ ಪಂದ್ಯದ ದಿನ, ಮೈದಾನದ ಹೊರಗೆ ಹೊಡೆದಾಟವಾಗಿ ಪೊಲೀಸರು ಲಾಠಿ ಬೀಸಿದ್ದರು. ಆ ಸಂಜೆ ರಮ್ಝಿ ಮನೆಗೆ ಬರಲಿಲ್ಲ. ಅವನಿದ್ದ, ಕ್ಲಬ್ಬಿನ ಅಭಿಮಾನಿ ಹುಡುಗರ ಗುಂಪಿನ ಬ್ಯಾನರ್ ಮಾತ್ರ ಬಂತು. 'ಬಂದರಿನ ಮಕ್ಕಳು' ಎಂದು ನೀಲಿ ಬಣ್ಣದಲ್ಲಿ ಬರೆದು, ಕೊನೆಗೊಂದು ಲಂಗರು ಬಿಡಿಸಿದ ಉದ್ದನೆಯ ದಪ್ಪ ಬಟ್ಟೆ. ಗುಂಪಿನ ಮುಂದಾಳು ಶಿಹಾಬ್ ಅದನ್ನು ಕರಿ ಚೀಲದಲ್ಲಿ ತಂದು, "ಜೋಪಾನವಾಗಿ ಇಡಿ ಚಿಕ್ಕಮ್ಮಾ" ಎಂದು ಕೊಟ್ಟ. ರಮ್ಝಿ ಎಲ್ಲಿ ಅಂದದ್ದಕ್ಕೆ "ಬರ್ತಾನೆ" ಅಂದ. ರಮ್ಝಿ ಬಂದದ್ದು ಮೂರು ದಿನದ ಮೇಲೆ, ಠಾಣೆಯಿಂದ, ಹೆಗಲ ಮೂಳೆ ಮುರಿದುಕೊಂಡು. ತಾಯಿಯೇ ಅಂಗಿ ತೊಡಿಸಿದಳು, ತುತ್ತು ಕಲಸಿ ಬಾಯಿಗಿಟ್ಟಳು. ಈಗಲೂ ಅವನ ಎಡಗೈ ಕಿವಿಯಿಂದ ಮೇಲೆ ಏಳುವುದಿಲ್ಲ.

ಆ ಬಟ್ಟೆ ಈಗ ರಮ್ಝಿಯ ಬೀರುವಿನ ಮೇಲೆ, ಚಳಿಗಾಲದ ಕಂಬಳಿಗಳ ಹಿಂದೆ ಇತ್ತು. ಮಹ್ರಜಿಯಾಳಿಗೆ ಅದರ ಮೇಲೆ ಸವತಿಯ ಮೇಲಿರುವಷ್ಟು ಸಿಟ್ಟು.

"ಈ ಸಲ ರಾಜಧಾನಿಯ ಮೈದಾನದಲ್ಲಿ ತೂಗುತ್ತೆ ನಮ್ಮ ಬ್ಯಾನರ್," ಅಂದ ರಮ್ಝಿ. "ಟೀವಿಲಿ ನೋಡ್ತೀಯ ಬಿಡಮ್ಮಾ."

ಮಹ್ರಜಿಯಾ ಅತ್ತೆಯ ತಟ್ಟೆಯ ಮೀನಿನ ಮುಳ್ಳು ಬಿಡಿಸುತ್ತ ಕೇಳಿದಳು: "ಅದು ಕಳೆದುಹೋದ್ರೆ?"

"ಕಳೆದುಹೋಗೋದು ಅಂದ್ರೇನಮ್ಮಾ? ಬ್ಯಾನರ್ ಬೇರೆಯವರ ಕೈಗೆ ಹೋದ್ರೆ ಗುಂಪು ಮುಚ್ಚಬೇಕು. ಅದೇ ನಿಯಮ. ದೇಶದಲ್ಲೆಲ್ಲಾ ಹಾಗೇ."

"ಬೇರೆಯವರ ಕೈಗೆ ಹೋಗ್ದೆ, ಸುಮ್ನೆ ಸಿಗದೇ ಹೋದ್ರೆ?"

"ಮೊದಲನೇ ಪಂದ್ಯಕ್ಕೆ ತೂಗಲಿಲ್ಲ ಅಂದ್ರೆ ಯಾರೋ ಹೊಡ್ಕೊಂಡು ಹೋದ್ರು ಅಂತಲೇ ಲೆಕ್ಕ. ಮುಗೀತು. ಮನೇಲಿ ಕೂತು ರೇಡಿಯೋ ಕೇಳೋದು, ಅಪ್ಪನ ಥರ."

"ನನ್ನನ್ಯಾಕೋ ಎಳೀತೀಯ?" ಅಂದ ಲಝರ್.

ಮಹ್ರಜಿಯಾ ಎದ್ದುಹೋಗಿ ಕಲ್ಲಂಗಡಿ ಹೆಚ್ಚಿಕೊಂಡು ಬಂದಳು. ಮಗನಿಗೆ ನಡುವಿನ ಹೋಳು ಕೊಟ್ಟಳು.

*

ನಮ್ಮಲ್ಲಿ ಹೆಣ್ಣಿಗೆ ತವರಿನಿಂದ ಉಣ್ಣೆಯ ಹಾಸಿಗೆ ಹೋಗಬೇಕು. ಅಂಗಡಿಯ ಸ್ಪಂಜಿನ ಹಾಸಿಗೆ ಕಳಿಸಿದವರ ಹೆಸರು ಮೂರು ಬೀದಿ ಸುತ್ತಿ ಬರುತ್ತದೆ. ಜುಲೈ ಪೂರ್ತಿ ಮಹ್ರಜಿಯಾ, ಉಲ್ಫಾ ಇಬ್ಬರೂ ಉಣ್ಣೆಯನ್ನು ಕಡಲಿಗೆ ಹೊತ್ತು ತೊಳೆದು, ತಾರಸಿಯ ಮೇಲೆ ಹರವಿ, ಕೋಲಿನಿಂದ ಬಡಿದು, ಕೈಯಲ್ಲಿ ಹಿಂಜಿದರು. ಮನೆಯೆಲ್ಲ ಕುರಿಯ ವಾಸನೆ. ಗೋಧಿರವೆಯ ಕುಸ್ಕುಸ್ ತಿನ್ನುವಾಗಲೂ ಬಾಯಿಗೆ ಕೂದಲು ಸಿಗುತ್ತಿತ್ತು.

ಕೊನೆಯ ಹಾಸಿಗೆ ಹೊಲಿಯುವ ದಿನ ಉಲ್ಫಾ ಬಟ್ಟೆ ಅಳತೆಗೆಂದು ದರ್ಜಿಯ ಹತ್ತಿರ ಹೋಗಿದ್ದಳು. ರಮ್ಝಿ ತಾನು ಕೆಲಸ ಮಾಡುವ ಫೋನು ರಿಪೇರಿ ಅಂಗಡಿಯಲ್ಲಿದ್ದ. ತಾರಸಿಯ ಮೇಲೆ ಅತ್ತೆ ಸೊಸೆ ಇಬ್ಬರೇ. ತುರ್ಕಿಯಾ ಕಣ್ಣಿನಲ್ಲಿ ಅಲ್ಲ, ಬೆರಳಿನಲ್ಲಿ ಹೊಲಿಯುವವಳು. ಸೊಸೆ ಕೆಳಗಿನಿಂದ ಹಾಸಿಗೆಯ ಒಳಪದರದ ಬಟ್ಟೆ ತಂದು ಹಾಸಿದಳು. ತುರ್ಕಿಯಾ ಅದರ ಮೇಲೆ ಕೈಯಾಡಿಸಿ ನಿಲ್ಲಿಸಿದಳು.

"ಇದ್ಯಾವ ಬಟ್ಟೆ?"

"ಹಳೇ ಹಾಯಿ ಬಟ್ಟೆ ಅತ್ತೆ. ಗಟ್ಟಿ ಇದೆ."

"ಹಾಯಿಗೆ ಬಣ್ಣ ಯಾವಾಗ ಬಳಿದ್ರು?"

ಮಹ್ರಜಿಯಾ ದಾರದ ಉಂಡೆ ಬಿಚ್ಚತೊಡಗಿದಳು. ತುರ್ಕಿಯಾ ಮತ್ತೊಮ್ಮೆ ಬೆರಳಾಡಿಸಿದಳು. ಬಣ್ಣ ದಪ್ಪಗೆ ಕೂತ ಲಂಗರಿನ ಅಂಚು ಸಿಕ್ಕಿತು.

"ಅವನಿಗೆ ಗೊತ್ತಾದ್ರೆ ನಿನ್ನ ಮುಖ ನೋಡಲ್ಲ."

"ಜೀವಂತ ಇದ್ದು ಮುಖ ತಿರುಗಿಸಿಕೊಂಡ್ರೆ ತಿರುಗಿಸ್ಕೊಳ್ಳಲಿ ಅತ್ತೆ."

ಮುದುಕಿ ಕೈ ಚಾಚಿದಳು. "ಬಣ್ಣದ ಕಡೆ ಒಳಗೆ ಮಾಡು. ದಬ್ಬಣ ಕೊಡು ಇಲ್ಲಿ."

ಕರಿ ಚೀಲದಲ್ಲಿ ಮಹ್ರಜಿಯಾ ಹಳೆಯ ಪರದೆಗಳನ್ನು ಮಡಿಸಿ ತುಂಬಿ, ಅದನ್ನು ಬೀರುವಿನ ಮೇಲೆ ಮೊದಲಿದ್ದ ಹಾಗೇ ಇಟ್ಟಳು. ಮದುವೆ ಗಡಿಬಿಡಿಯಲ್ಲಿ ಯಾರೂ ನೋಡುವುದಿಲ್ಲ, ಪಂದ್ಯದ ಹೊತ್ತಿಗೆ ಹುಡುಕುತ್ತಾರೆ, ಸಿಗುವುದಿಲ್ಲ, ಗುಂಪು ಮುಚ್ಚುತ್ತದೆ, ಮಗ ಮನೆಯಲ್ಲಿರುತ್ತಾನೆ. ಅಷ್ಟೇ ಅವಳ ಲೆಕ್ಕ. ಅದಕ್ಕಿಂತ ಮುಂದೆ ಅವಳು ನೋಡಲಿಲ್ಲ.

*

ಬಳುವಳಿ ಹೊರಟ ದಿನ ಲಝರ್ ವ್ಯಾನಿಗೆ ರಿಬ್ಬನ್ನು ಕಟ್ಟಿದ. ವ್ಯಾನಿನ ತಲೆಯ ಮೇಲೆ ನಾಲ್ಕು ಹಾಸಿಗೆ, ಒಳಗೆ ತಾಮ್ರದ ಪಾತ್ರೆ, ಕಂಬಳಿ, ಧೂಪ, ಡೋಲು. ಬೀದಿಯ ಹೆಂಗಸರು ನಾಲಿಗೆ ಕುಣಿಸಿ ಕೂಗಿ ಕಳಿಸಿಕೊಟ್ಟರು. ಬೀರ್ ಝಿತೂನಿನಲ್ಲಿ ಹಾಸಿಗೆಗಳನ್ನು ಮೇಲಿನ ಕೋಣೆಗೆ ಹೊರುವ ಕೆಲಸ ಹೆಣ್ಣಿನ ಅಣ್ಣನದು. ರಮ್ಝಿ ಬಲಹೆಗಲ ಮೇಲೆ ಒಂದೊಂದನ್ನೇ ಹೊತ್ತ. ಕೊನೆಯದನ್ನು ಹೊತ್ತು ಮೆಟ್ಟಿಲ ನಡುವೆ ನಿಂತು ಉಸಿರು ಬಿಟ್ಟ.

"ಇದರಲ್ಲಿ ಏನು ಕಲ್ಲು ತುಂಬಿದ್ದೀಯೇನಮ್ಮಾ?"

"ಉಣ್ಣೆ ಭಾರವೇ ಕಣೋ. ಹುಷಾರು, ಎಡಗೈ ಹಾಕಬೇಡ."

ಮಾಹೆರನ ತಾಯಿ ಝಕಿಯಾ ಹಾಸಿಗೆಯನ್ನು ಒತ್ತಿ ನೋಡಿ, "ಕರಕರ ಅಂತಿದೆ, ಹೊಸ ಉಣ್ಣೆ," ಎಂದು ಮೆಚ್ಚಿದಳು. ಮಹ್ರಜಿಯಾ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ತವರಿನ ಹಾಸಿಗೆ ಗಂಡನ ಮನೆಯ ಹೊಸ್ತಿಲು ದಾಟಿತೆಂದರೆ ಮುಗಿಯಿತು. ಅದು ವಾಪಸು ಬರುವುದು ಒಂದೇ ಕಾರಣಕ್ಕೆ, ಹೆಣ್ಣನ್ನೂ ವಾಪಸು ಕಳಿಸಿದಾಗ.

ಮದುವೆ ಚೆನ್ನಾಗಿಯೇ ಆಯಿತು. ಗೋರಂಟಿಯ ರಾತ್ರಿ ಬೀಗರ ಕಡೆಯ ಹೆಂಗಸರು ನಮ್ಮೂರಲ್ಲೇ ಉಳಿದರು, ರಮ್ಝಿಯ ಕೋಣೆಯಲ್ಲೇ ಮಲಗಿದರು. ಆಗ ಅದು ಯಾರಿಗೂ ದೊಡ್ಡ ಸಂಗತಿಯಾಗಿ ಕಾಣಲಿಲ್ಲ.

*

ಮದುವೆಯಾಗಿ ಮೂರನೆಯ ದಿನ ಶಿಹಾಬ್ ಇಬ್ಬರನ್ನು ಕರೆದುಕೊಂಡು ಬಂದ. ಬ್ಯಾನರಿನ ಅಕ್ಷರಗಳಿಗೆ ಹೊಸ ಬಣ್ಣ ಹಚ್ಚಬೇಕಿತ್ತು. ರಮ್ಝಿ ಸ್ಟೂಲು ಹತ್ತಿ ಕರಿ ಚೀಲ ಇಳಿಸಿದ. ಬಿಚ್ಚಿದರೆ ಹಳೆ ಪರದೆ.

ಅಡುಗೆಮನೆಯಲ್ಲಿ ಮೆಣಸಿನಕಾಯಿ ಸುಡುತ್ತಿದ್ದ ಮಹ್ರಜಿಯಾಳಿಗೆ ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಕಂಬಳಿಗಳು ನೆಲಕ್ಕೆ ಬಿದ್ದವು, ಬೀರು ಎಳೆದರು, ಮಂಚ ಎತ್ತಿದರು.

"ಅಮ್ಮಾ, ಈ ಚೀಲ ಯಾರಾದ್ರೂ ಮುಟ್ಟಿದ್ರಾ?"

"ನನಗೇನು ಗೊತ್ತು. ಮನೆ ತುಂಬ ಜನ ಇದ್ರು."

ಅವಳು ಹೇಳಿದ್ದು ಅಷ್ಟೇ. ಆದರೆ ಆ ಮಾತು ಕೋಣೆಯೊಳಗಿದ್ದವರ ತಲೆಗೆ ಬೇರೆ ದಾರಿ ತೋರಿಸಿತು.

"ಗೋರಂಟಿ ದಿನ ಇಲ್ಲಿ ಯಾರು ಮಲಗಿದ್ರು?" ಎಂದು ಶಿಹಾಬ್ ಕೇಳಿದ.

"ಮಾಹೆರ್ ಮನೆಯವರು."

"ಓಹೋ." ಶಿಹಾಬ್ ಬಾಗಿಲಿಗೆ ಒರಗಿ ನಿಂತ. "ಅವರೇ ತಗೊಂಡು ಹೋದ್ರಾ, ನೀನೇ ಕಟ್ಟಿ ಕೊಟ್ಯಾ? ತಂಗಿಗೆ ಬಳುವಳಿ ಕಮ್ಮಿ ಬಿದ್ದಿತ್ತೇನೋ."

ರಮ್ಝಿ ಅವನ ಕೊರಳಪಟ್ಟಿ ಹಿಡಿದ. ಶಿಹಾಬ್ ಅವನ ಮುರಿದ ಹೆಗಲಿಗೇ ಗುದ್ದಿದ. ಮಹ್ರಜಿಯಾ ಇಕ್ಕಳ ಹಿಡಿದುಕೊಂಡೇ ಓಡಿಬಂದಾಗ ಮಗ ನೆಲದ ಮೇಲೆ ಕೂತಿದ್ದ, ಉಳಿದವರು ಹೊರಟುಹೋಗಿದ್ದರು. ಒಲೆಯ ಮೇಲೆ ಮೆಣಸಿನಕಾಯಿ ಸೀದು ಮನೆಯೆಲ್ಲ ಕೆಮ್ಮಿತು.

ಮಾರನೆಯ ಬೆಳಿಗ್ಗೆ ಮನೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ 'ಮಾರಿಕೊಂಡವನ ಮನೆ' ಎಂದು ಬರೆದಿತ್ತು. ಲಝರ್ ಸುಣ್ಣ ಬಳಿದ. ಸುಣ್ಣದ ಅಡಿಯಿಂದಲೂ ಅಕ್ಷರ ಕಾಣುತ್ತಿತ್ತು. ವ್ಯಾನ್ ನಿಲ್ದಾಣದಲ್ಲಿ ಅವನ ವ್ಯಾನಿಗೆ ಜನ ಹತ್ತಲು ಹಿಂದೆಮುಂದೆ ನೋಡಿದರು. "ಬೀಗರ ಮನೆಗೆ ಪಾರ್ಸೆಲ್ಲು ಏನಾದ್ರೂ ಇದ್ಯಾ ಲಝರ್?" ಎಂದು ಜೊತೆಯ ಡ್ರೈವರುಗಳು ಕೇಳಿದರು.

ರಮ್ಝಿ ಅಂಗಡಿಗೆ ಹೋಗುವುದು ಬಿಟ್ಟ. ಮಹ್ರಜಿಯಾ ಬೇಡಿಕೊಂಡದ್ದು ಇದನ್ನೇ, ಮಗ ಮನೆಯಲ್ಲಿರಲಿ ಎಂದು. ಇದ್ದ. ಗೋಡೆ ಕಡೆ ತಿರುಗಿ ಮಲಗಿದ್ದ. ಅವಳು ತೆಳು ಹಿಟ್ಟಿನ ಹಾಳೆಯೊಳಗೆ ಮೊಟ್ಟೆ ಮಡಿಸಿ ಬ್ರಿಕ್ ಕರಿದು ಮಂಚದ ಹತ್ತಿರ ಇಟ್ಟರೆ ಅದು ಹಾಗೇ ತಣ್ಣಗಾಗುತ್ತಿತ್ತು.

ಅಷ್ಟರಲ್ಲಿ ಸುದ್ದಿ ಉಪ್ಪುಕೆರೆ ದಾಟಿತ್ತು. ಬೀರ್ ಝಿತೂನಿನ ಹುಡುಗರ ಹತ್ತಿರ ಏನೂ ಇರಲಿಲ್ಲ, ಆದರೆ ಇಲ್ಲ ಅನ್ನಲು ಅವರಿಗೇನು ಹುಚ್ಚೇ? ಬ್ಯಾನರ್ ನಮ್ಮ ಹತ್ತಿರ ಇದೆ, ಭಾನುವಾರ ನಿಮ್ಮ ಮೈದಾನದಲ್ಲೇ ತಲೆಕೆಳಗಾಗಿ ತೂಗುಹಾಕುತ್ತೇವೆ ಎಂದು ಸಾರಿಬಿಟ್ಟರು. ನಮ್ಮ ಹುಡುಗರು ಶುಕ್ರವಾರದ ನಮಾಜು ಮುಗಿಸಿ ಬೀರ್ ಝಿತೂನಿಗೆ ನುಗ್ಗುವುದೆಂದು ನಿಶ್ಚಯವಾಯಿತು.

ಬುಧವಾರ ಸಂಜೆ ರಮ್ಝಿ ಎದ್ದು ಮುಖ ತೊಳೆದು ಅಂಗಳಕ್ಕೆ ಬಂದ.

"ನಾನೂ ಹೋಗ್ತೀನಿ. ಮುಂದೆ ನಾನೇ ಇರ್ತೀನಿ. ಮಾಹೆರ್ ಮನೆಗೇ ಮೊದಲು ನುಗ್ಗೋದು."

"ತಂಗಿ ಮನೆ ಕಣೋ ಅದು," ಅಂದ ಲಝರ್.

"ಅವಳು ಬಾಗಿಲು ತೆಗೀಲಿ, ಅವಳಿಗೇನೂ ಆಗಲ್ಲ. ಬಟ್ಟೆ ತರ್ತೀನಿ, ಇಲ್ಲಾ ವಾಪಸ್ ಬರಲ್ಲ."

"ಅದು ಅವರ ಹತ್ರ ಇಲ್ಲದೇ ಇದ್ರೆ?" ಎಂದು ಮಹ್ರಜಿಯಾ ಕೇಳಿದಳು.

"ಮತ್ತೆಲ್ಲಿದೆ? ನೀನೇ ಹೇಳು."

ಅವನು ಕೋಣೆಗೆ ಹೋದ ಮೇಲೆ ತುರ್ಕಿಯಾ ಸೊಸೆಯನ್ನು ಹತ್ತಿರ ಕರೆದಳು.

"ನಾಳೆ ಏಳನೇ ದಿನ. ಮಗಳ ಮನೆಗೆ ಹೋಗೋ ದಿನ. ಊಟ ಹೊತ್ಕೊಂಡು ಹೋಗು, ಅದನ್ನ ಹೊರಗೆ ತರೋ ದಾರಿ ನೋಡ್ಕೊಂಡು ಬಾ. ಹೊಲಿದಿದ್ದು ನಾವಿಬ್ರು. ಸಾಯೋದು ನಿನ್ನ ಮಗನೂ ಅಳಿಯನೂ."

*

ಏಳನೆಯ ದಿನದ ಊಟಕ್ಕೆ ಮಹ್ರಜಿಯಾ ಕುರಿಮಾಂಸದ ಕುಸ್ಕುಸ್ ಮಾಡಿ ದೊಡ್ಡ ತಟ್ಟೆಯಲ್ಲಿ ಮುಚ್ಚಿ ಒಯ್ದಳು. ಲಝರ್ ಬಾಗಿಲವರೆಗೆ ಬಿಟ್ಟು ಒಳಗೆ ಬರದೆ ಹೋದ. ಅವನಿಗೂ ಬೀಗರ ಮೇಲೆ ಅನುಮಾನ ಹತ್ತಿತ್ತು. ಝಕಿಯಾ ಪುದೀನಾ ಚಹಾದಲ್ಲಿ ಬಾದಾಮಿ ತೇಲಿಸಿ ಕೊಟ್ಟಳು, ಆದರೆ ಮೊದಲಿನ ನಗು ಇರಲಿಲ್ಲ.

"ನಿಮ್ಮೂರಲ್ಲಿ ನಮ್ಮನ್ನ ಕಳ್ಳರು ಅಂತಿದ್ದಾರಂತೆ ಬೀಗಿತ್ತಿ. ನಿಮ್ಮ ಮನೇಲಿ ಒಂದು ರಾತ್ರಿ ಮಲಗಿದ್ದಕ್ಕೆ."

"ಹುಡುಗರ ಮಾತು ಬಿಡಿ," ಅಂದಳು ಮಹ್ರಜಿಯಾ. "ಹಾಸಿಗೆ ಹೇಗಿದೆ?"

"ಅದೊಂದು ಮಾತ್ರ ಹೇಳೋ ಹಾಗಿಲ್ಲ. ಆ ಕರಕರ ಅನ್ನೋದನ್ನ ನಾನೇ ತಗೊಂಡೆ, ನನ್ನ ಸೊಂಟಕ್ಕೆ. ಎಷ್ಟು ವರ್ಷ ಆಗಿತ್ತೋ ನಾನು ಹಾಗೆ ನಿದ್ದೆ ಮಾಡಿ."

ಮಹ್ರಜಿಯಾ ಚಹಾದ ಲೋಟ ಕೆಳಗಿಟ್ಟಳು. ಮಗಳನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು. ಹೇಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಉಲ್ಫಾ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ನನ್ನ ಮದುವೆ ಹಾಸಿಗೆಲಿ, ಅಮ್ಮಾ?"

"ಅಲ್ಲಾದ್ರೆ ಯಾರೂ ಹುಡುಕಲ್ಲ ಅಂತ."

"ನಾನು ಇಲ್ಲಿ ಬದುಕಬೇಕು ಅಂತ ನೆನಪಾಗ್ಲಿಲ್ವಾ? ಎರಡು ದಿನದಿಂದ ಈ ಬೀದಿ ಹೆಂಗಸರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅತ್ತೆ ಮೂರು ಸಲ ದೇವರ ಮೇಲೆ ಆಣೆ ಮಾಡಿದ್ರು, ನಾವು ಕದ್ದಿಲ್ಲಮ್ಮಾ ಅಂತ. ನಾನು ನಂಬಲೂ ಇಲ್ಲ, ಬಿಡಲೂ ಇಲ್ಲ. ಇಬ್ರು ಮಕ್ಕಳಲ್ಲಿ ನಿನಗೆ ಒಬ್ಬನೇ ಲೆಕ್ಕಕ್ಕೆ ಬಂದ."

"ಹಾಗಲ್ಲ ಮಗಳೇ."

"ಹಾಗೇ ಅಮ್ಮಾ. ನೀನು ಮನೆಗೆ ಹೋಗು. ನಾಳೆ ಹಾಸಿಗೆ ಬರುತ್ತೆ."

"ಹಾಸಿಗೆ ಬಂದ್ರೆ ಜನ ಏನಂತಾರೆ?"

"ಏನಂತಾರೋ ನೀನು ಕೇಳಿಸ್ಕೋ."

ಅವತ್ತು ಸಂಜೆ ಮಾಹೆರ್ ಬಂದರಿನ ದೋಣಿ ರಿಪೇರಿ ಕೆಲಸ ಮುಗಿಸಿ ಬಂದು ಕೈಯ ಎಣ್ಣೆ ತೊಳೆಯುತ್ತಿದ್ದಾಗ ಉಲ್ಫಾ ಎಲ್ಲ ಹೇಳಿದಳು. ಅವನು ಮೊದಲು ನಕ್ಕ. ನಗು ನಿಂತ ಮೇಲೆ ಬಹಳ ಹೊತ್ತು ಸಾಬೂನು ಉಜ್ಜುತ್ತಲೇ ಇದ್ದ.

"ನಾನು ಅದನ್ನ ಈಗ ಕೆಳಗಿನ ಕೆಫೆಗೆ ಎತ್ಕೊಂಡು ಹೋದ್ರೆ, ಈ ಊರು ನನ್ನನ್ನ ಹೆಗಲ ಮೇಲೆ ಹೊರುತ್ತೆ, ಗೊತ್ತಾ ಉಲ್ಫಾ?"

"ಗೊತ್ತು. ಅದಕ್ಕೇ ಮೊದಲು ನಿನಗೆ ಹೇಳಿದ್ದು."

ಅವನು ಕೈ ಒರೆಸಿಕೊಂಡ. "ಅಮ್ಮನಿಗೆ ಏನು ಹೇಳೋಣ?"

ಉಣ್ಣೆ ಸರಿಯಾಗಿ ಒಣಗಿಲ್ಲ, ಮತ್ತೆ ಬಡಿಯಬೇಕು ಎಂದು ಹೇಳಿದರು. ಝಕಿಯಾ ಪೆದ್ದಿಯೇನಲ್ಲ. ಇಬ್ಬರ ಮುಖವನ್ನೂ ನೋಡಿ, ಇನ್ನೊಂದು ಪ್ರಶ್ನೆ ಕೇಳದೆ ಅಂದಳು: "ಹಾಸಿಗೆ ಜೊತೆ ಸೊಸೆ ಹೋಗಲಿ. ಹಾಸಿಗೆ ಜೊತೆ ಸೊಸೆ ಬರಲಿ. ದೀಪ ಹಚ್ಚೋದ್ರೊಳಗೆ. ಆಮೇಲೆ ಬಂದ್ರೆ ಬಾಗಿಲು ತೆಗೆಯೋದು ನನ್ನ ಕೈಲಿರಲ್ಲ, ಈ ಬೀದಿ ಕೈಲಿರುತ್ತೆ."

*

ಶುಕ್ರವಾರ ಜನ ಮಸೀದಿಯಿಂದ ಹೊರಬರುವ ಹೊತ್ತಿಗೆ ಲಝರನ ವ್ಯಾನು ಬೀದಿಗೆ ತಿರುಗಿತು. ತಲೆಯ ಮೇಲೆ ಹಾಸಿಗೆ. ಮುಂದಿನ ಸೀಟಿನಲ್ಲಿ ಉಲ್ಫಾ, ಕೈಯ ಗೋರಂಟಿ ಇ‌ನ್ನೂ ಮಾಸಿರಲಿಲ್ಲ. ದಾರಿಯಲ್ಲಿ ಅವಳು ಅಪ್ಪನಿಗೆ ಎಲ್ಲ ಹೇಳಿದ್ದಳು.

ಬಾಗಿಲು ಬಾಗಿಲಲ್ಲೂ ಹೆಂಗಸರು ಬಂದು ನಿಂತರು.

"ಅಯ್ಯೋ, ಲಝರ್ ಮಗಳಲ್ವಾ?"

"ಒಂದು ವಾರಕ್ಕೇ ಕಳಿಸಿಬಿಟ್ರಾ?"

"ಕಳ್ಳರಿಗೆ ಹೆಣ್ಣು ಕೊಟ್ರೆ ಇನ್ನೇನು."

ಬೀದಿಯ ಕೊನೆಯಲ್ಲಿ ಶಿಹಾಬನ ಗುಂಪು ಹೊರಡಲು ಸೇರಿತ್ತು, ಕೆಲವರ ಕೈಯಲ್ಲಿ ದೊಣ್ಣೆ. ತಂಗಿಯನ್ನೂ ಹಾಸಿಗೆಯನ್ನೂ ಕಂಡು ರಮ್ಝಿಯ ಮುಖ ಕಪ್ಪಿಟ್ಟಿತು. ಓಡಿಬಂದ.

"ಹೊಡೆದ್ನಾ ಅವನು? ಹೇಳು."

"ಯಾರೂ ಹೊಡೆದಿಲ್ಲ. ಇದನ್ನ ಇಳಿಸು."

ಲಝರ್ ಹಾಸಿಗೆಯನ್ನು ಒಳಗೆ ಎಳೆಯಲು ಹೋದ. ಉಲ್ಫಾ ತಡೆದಳು. "ಒಳಗೆ ಬೇಡಪ್ಪಾ. ಇಲ್ಲೇ, ಬೀದೀಲಿ. ನನ್ನನ್ನ ವಾಪಸ್ ಕಳಿಸಿದ್ರು ಅನ್ನೋರೆಲ್ಲಾ ನೋಡ್ಲಿ." ತಾಯಿಯ ಕಡೆ ತಿರುಗಿದಳು. "ಕತ್ತರಿ ತಗೊಂಡು ಬಾ ಅಮ್ಮಾ."

ಮಹ್ರಜಿಯಾ ಹೊಸ್ತಿಲ ಮೇಲೆ ನಿಂತೇ ಇದ್ದಳು. ಕೊನೆಗೆ ತುರ್ಕಿಯಾ ಒಳಗಿನಿಂದ ಕತ್ತರಿ ತಂದು ಅವಳ ಕೈಗಿಟ್ಟಳು. ಅವಳು ನೆಲಕ್ಕೆ ಕೂತು ಅಂಚಿನ ಹೊಲಿಗೆ ಕತ್ತರಿಸಿದಳು. ಒಂದು ಕಡೆ ಕತ್ತರಿ ಜಾರಿ ಒಳಪದರಕ್ಕೂ ನುಗ್ಗಿತು. ಉಣ್ಣೆ ಹೊರಗೆ ಉಕ್ಕಿತು, ಅದರ ಜೊತೆ ನೀಲಿ ಅಕ್ಷರ.

ರಮ್ಝಿ ಬಟ್ಟೆ ಎಳೆದು ನೋಡಿದ. ಅಂಚಿನುದ್ದಕ್ಕೂ ಓರೆಯಾದ ಉದ್ದುದ್ದ ಹೊಲಿಗೆ. ಅವನ ದಿಂಬು, ಕೌದಿ, ಶಾಲೆಯ ಚೀಲ ಎಲ್ಲದರ ಮೇಲೂ ಇದ್ದ ಅಮ್ಮನ ಹೊಲಿಗೆ. ತಾಯಿಯ ಮುಖ ನೋಡಿದ, ಮತ್ತೆ ಗುಂಪಿನ ಕಡೆ ತಿರುಗಿದ.

"ನಾನೇ ಇಟ್ಟಿದ್ದು," ಅಂದ. "ಯಾರಿಗೂ ಸಿಗಬಾರ್ದು ಅಂತ. ಮರೆತುಬಿಟ್ಟಿದ್ದೆ."

"ಮರೆತುಬಿಟ್ಟಿದ್ಯಾ?" ಶಿಹಾಬ್ ಮುಂದೆ ಬಂದ. "ವೈರಿ ಊರಿಗೆ ಕಳಿಸಿ ಮರೆತುಬಿಟ್ಟಿದ್ಯಾ?"

ಅವನ ಕೈ ಏಳುವಷ್ಟರಲ್ಲಿ ಮಹ್ರಜಿಯಾ ಎದ್ದು ಮಗನ ಎಡಹೆಗಲಿಗೆ ಅಡ್ಡ ನಿಂತಳು.

"ಅವನು ಸುಳ್ಳು ಹೇಳ್ತಿದ್ದಾನೆ. ಹೊಲಿದಿದ್ದು ನಾನು."

"ಯಾಕೆ ಚಿಕ್ಕಮ್ಮಾ?"

"ನಿಮ್ಮ ಗುಂಪು ಹಾಳಾಗ್ಲಿ ಅಂತ." ಕತ್ತರಿ ಇನ್ನೂ ಅವಳ ಕೈಯಲ್ಲೇ ಇತ್ತು. "ಮೇ ತಿಂಗಳಲ್ಲಿ ಈ ಬಟ್ಟೆ ತಂದುಕೊಟ್ಯಲ್ಲ ಶಿಹಾಬ್, ಮಗ ಎಲ್ಲಿ ಅಂತ ಕೇಳಿದ್ದಕ್ಕೆ ಏನಂದೆ? ಬರ್ತಾನೆ ಅಂದೆ. ಮೂರು ದಿನ ನಾನು ಆಸ್ಪತ್ರೆ ಆಸ್ಪತ್ರೆ ಸುತ್ತಿದೆ. ನಿಮ್ಮಲ್ಲಿ ಒಬ್ಬನಾದ್ರೂ ಅವನನ್ನ ಕೇಳ್ಕೊಂಡು ಬಾಗಿಲು ತಟ್ಟಿದ್ನಾ? ಎರಡನೇ ದಿನ ನೀನು ಬಂದೆ. ಏನು ಕೇಳೋಕೆ ಬಂದೆ? ಬಟ್ಟೆ ಒದ್ದೆ ಆಗಿತ್ತು, ಒಣಗಿಸಿದ್ರಾ ಅಂತ."

ಶಿಹಾಬ್ ನೆಲ ನೋಡಿದ. ಮಗನ ಕಡೆ ನೋಡುವ ಧೈರ್ಯ ಮಹ್ರಜಿಯಾಳಿಗೆ ಇರಲಿಲ್ಲ.

ಗುಂಪಿನಲ್ಲಿ ವಾದ ಹತ್ತಿತು. ವೈರಿ ಮನೆಯಲ್ಲಿ ಮಲಗಿ ಬಂದ ಬ್ಯಾನರ್ ಬ್ಯಾನರೇ ಅಲ್ಲ, ಗುಂಪು ಮುಚ್ಚಬೇಕು ಎಂದು ಒಬ್ಬ. ಅವರಿಗೆ ಗೊತ್ತೇ ಇಲ್ಲದ ಮೇಲೆ ಅವರು ಹಿಡಿದ ಹಾಗೆ ಹೇಗಾಯಿತು ಎಂದು ಇನ್ನೊಬ್ಬ. ತುರ್ಕಿಯಾ ಹೊಸ್ತಿಲ ಮೇಲೆ ಕೂತು ಕೇಳುತ್ತಿದ್ದಳು.

"ಬೀರ್ ಝಿತೂನಿನ ನಮ್ಮ ಬೀಗಿತ್ತಿ ಒಂದು ವಾರ ಅದರ ಮೇಲೆ ಮಲಗಿ ಕಾವಲು ಕಾದಿದ್ದಾಳೆ ಕಣ್ರೋ," ಅಂದಳು. "ಕೂಲಿ ಕೊಡೋದು ಬಿಟ್ಟು ದೊಣ್ಣೆ ಹಿಡ್ಕೊಂಡು ಹೊರಟಿದ್ದೀರ."

ಯಾರೋ ನಕ್ಕರು. ಆ ನಗು ಹಬ್ಬಿತು. ಇಬ್ಬರು ಹುಡುಗರು ಮಾತ್ರ ನಗದೆ ದೊಣ್ಣೆ ಬಿಸಾಡಿ ಹೊರಟುಹೋದರು. ಅವರು ಮತ್ತೆ ಗುಂಪಿಗೆ ಬರಲಿಲ್ಲ. ಶಿಹಾಬ್ ಬಟ್ಟೆಯಿಂದ ಉಣ್ಣೆ ಕೊಡವಿ ಮಡಿಸಿದ. ಕತ್ತರಿ ನುಗ್ಗಿದ ಕಡೆ, ಲಂಗರಿನ ನಡುವೆ, ಅಂಗೈ ಅಗಲದ ಹರಕು.

"ಇದನ್ನ ನೀವೇ ಹೊಲೀಬೇಕು ಚಿಕ್ಕಮ್ಮಾ. ಆಮೇಲೆ ಇದು ನಿಮ್ಮ ಹತ್ರಾನೇ ಇರ್ಲಿ. ನಾವು ಇಡೋ ಜಾಗ ಎಲ್ಲಾರಿಗೂ ಗೊತ್ತಾಗುತ್ತೆ. ನೀವಿಟ್ಟರೆ ನಮಗೇ ಸಿಗಲ್ಲ. ಈ ಸೀಸನ್ ಪೂರ್ತಿ ನೀವೇ ಇಟ್ಕೊಳ್ಳಿ."

ಅದು ಗೌರವವೋ ಶಿಕ್ಷೆಯೋ ಅವನ ಮುಖದಲ್ಲಿ ತಿಳಿಯಲಿಲ್ಲ. ಅವನು ಬಟ್ಟೆಯನ್ನು ಅವಳ ಕೈಮೇಲಿಟ್ಟು ಹೋದ.

ಹಾಸಿಗೆಗೆ ಹೊಸ ಒಳಪದರ ಹಾಕಿ ಮತ್ತೆ ತುಂಬಿದರು. ಮಹ್ರಜಿಯಾ ದಬ್ಬಣಕ್ಕೆ ಕೈ ಚಾಚಿದಾಗ ಉಲ್ಫಾ ಕೊಡಲಿಲ್ಲ.

"ನಾನೇ ಹೊಲೀತೀನಿ. ಇನ್ಮೇಲೆ ನನ್ನ ಮನೆಗೆ ಏನೂ ಹೊಲೀಬೇಡಮ್ಮಾ. ನಾಳೆ ಮಗು ಹುಟ್ಟಿದ್ರೆ ಅದರ ಹಾಸಿಗೆನೂ ನಾನೇ ಹೊಲ್ಕೋತೀನಿ."

ಬಿಸಿಲು ಇಳಿಯುವ ಮೊದಲೇ ಲಝರ್ ಮಗಳನ್ನೂ ಹಾಸಿಗೆಯನ್ನೂ ಬೀರ್ ಝಿತೂನಿಗೆ ಮುಟ್ಟಿಸಿ ಬಂದ. ಹೆಂಡತಿ ಬಡಿಸಿದ್ದನ್ನು ತಿನ್ನದೆ ಕೈ ತೊಳೆದ.

"ನನ್ನ ವ್ಯಾನ್ ಮೇಲೇ ಕಳಿಸ್ದೆ," ಅಂದ. "ರಿಬ್ಬನ್ ನಾನೇ ಕಟ್ಟಿದ್ದೆ." ಅಷ್ಟು ಹೇಳಿ ರೇಡಿಯೋ ಹಾಕಿದ. ರೇಡಿಯೋದಲ್ಲಿ ಯಾರೋ ಹೊಸ ಸೀಸನ್ನಿನ ತಂಡಗಳ ಬಲಾಬಲ ಹೇಳುತ್ತಿದ್ದರು.

*

ಭಾನುವಾರ ಬೆಳಿಗ್ಗೆಯಿಂದಲೇ ಮೈದಾನದ ಕಡೆಯಿಂದ ಡೋಲು ಕೇಳಿಸುತ್ತಿತ್ತು. ಬೀದಿಯಲ್ಲಿ ಪೊಲೀಸ್ ಬಂಡಿಗಳು ಸಾಲಾಗಿ ಹೋದವು. ಮಹ್ರಜಿಯಾ ಅವನ್ನು ಕಿಟಕಿಯಿಂದ ನೋಡಿದಳು.

ಎರಡು ದಿನದಿಂದ ರಮ್ಝಿ ತಾಯಿಯ ಜೊತೆ ಮಾತಾಡಿರಲಿಲ್ಲ. ಬಡಿಸಿದ್ದನ್ನು ಮಾತ್ರ ತಿನ್ನುತ್ತಿದ್ದ. ಮಧ್ಯಾಹ್ನ ನೀಲಿ ಅಂಗಿ ತೊಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತ. ಎಡತೋಳು ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಅವಳು ಹಿಟ್ಟಿನ ಕೈ ಒರೆಸಿಕೊಂಡು ತೋಳು ಎಳೆದು ಸರಿಮಾಡಿದಳು. ಅವನು ತಡೆಯಲಿಲ್ಲ.

"ಬಟ್ಟೆ ಕೊಡಮ್ಮಾ."

ಇಲ್ಲ ಅನ್ನಬಹುದಿತ್ತು. ಸಿಗುತ್ತಿಲ್ಲ ಅನ್ನಬಹುದಿತ್ತು, ಇಟ್ಟ ಜಾಗ ಅವಳೊಬ್ಬಳಿಗೇ ಗೊತ್ತು. ಮಹ್ರಜಿಯಾ ಒಳಗೆ ಹೋಗಿ ತನ್ನ ಹಾಸಿಗೆ ಎತ್ತಿ, ಕೆಳಗಿನಿಂದ ಬ್ಯಾನರ್ ತೆಗೆದು ತಂದಳು. ಲಂಗರಿನ ನಡುವಿನ ಹರಕನ್ನು ಓರೆ ಹೊಲಿಗೆಯಲ್ಲಿ ಮುಚ್ಚಿದ್ದಳು, ದೂರದಿಂದ ಕಾಣದಷ್ಟು ಹತ್ತಿರ ಹತ್ತಿರ.

ಅವನು ಕೈ ಚಾಚಿದ. ಅವಳು ಇನ್ನೂ ಬಿಡಲಿಲ್ಲ.

"ಇದನ್ನ ಇಡೋಳು ಈಗ ನಾನು ತಾನೆ?"

"ಹೂಂ."

"ಹಾಗಾದ್ರೆ ನಂದೂ ಒಂದು ನಿಯಮ ಇದೆ. ಪಂದ್ಯ ಮುಗಿದ ಮೇಲೆ ಇದನ್ನ ನೀನೇ ತಂದು ನನ್ನ ಕೈಗೆ ಕೊಡ್ಬೇಕು. ಬೇರೆ ಯಾರ ಕೈಲಿ ಕಳಿಸಿದ್ರೂ ನಾನು ತಗೊಳ್ಳಲ್ಲ."

"ಆಯ್ತಮ್ಮಾ," ಅಂದ ರಮ್ಝಿ. "ಬರ್ತೀನಿ."

ಅವಳು ಬಟ್ಟೆ ಬಿಟ್ಟಳು. ಅವನು ಬೀದಿ ತಿರುಗುವವರೆಗೆ ನೋಡಿ, ಒಳಗೆ ಬಂದು, ಕಲಸಿಟ್ಟ ಹಿಟ್ಟಿಗೆ ಮತ್ತೆ ಕೈ ಹಾಕಿದಳು. ರಾತ್ರಿಯ ಊಟಕ್ಕೆ ನಾಲ್ಕು ಜನರ ರೊಟ್ಟಿ ಆಗಬೇಕಿತ್ತು.